ಕೋಳಿ ಅಂಗಳದ ಕೆಸರಿಗೆ ಮೊದಲು ನೀರು ತಿರುಗಿಸಿ, ಆಮೇಲೆ ಗಿಡ ಹಚ್ಚಿ

ಕೆಸರಲ್ಲಿ ಒಂಟಿ ಕಾಲಲ್ಲಿ ನಿಂತ ಕೋಳಿ ನೋಡಿದರೆ ನನಗೆ ಕರುಳು ಚುರುಕ್ ಅನ್ನುತ್ತದೆ. ಗಂಗಾವತಿ ಕಡೆಯ ನಮ್ಮದು ಎರೆ ನೆಲ. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು, ಉತ್ತರಿ ಹಸ್ತ ಮಳೆ ಹಿಡಿದರೆ ಚಪ್ಪಲಿ ಕಿತ್ತುಕೊಳ್ಳುವ ಕೆಸರು. ಸಾಲದ್ದಕ್ಕೆ ಸುತ್ತ ಭತ್ತದ ಗದ್ದೆ, ತುಂಗಭದ್ರಾ ಕಾಲುವೆಯ ಬಸಿ ನೀರು, ನೆಲ ಆರುವುದೇ ತಡ. ಇಂಥ ಜಾಗದಲ್ಲೇ 25 ವರ್ಷದಿಂದ ಕೋಳಿ ಸಾಕಿದ್ದೇನೆ. ಜವಾರಿ ಕೋಳಿ ಜಾಸ್ತಿ, ಜೊತೆಗೆ ಒಂದಿಷ್ಟು ಗಿರಿರಾಜ ತಳಿಯವು.

ಮೊದಲ ವರ್ಷಗಳಲ್ಲಿ ನಾನೂ ಎಲ್ಲರ ಹಾಗೆ ಕೆಸರಿನ ಮೇಲೆ ಮರಳು ಸುರಿಸಿದೆ. ಎರಡು ದೊಡ್ಡ ಮಳೆಗೆ ಮರಳೆಲ್ಲ ಎರೆ ಮಣ್ಣಿನೊಳಗೆ ಇಳಿದು ಹೋಯಿತು. ಆಮೇಲೆ ಭತ್ತದ ಹುಲ್ಲು ಹಾಸಿದೆ, ಅದು ನೆನೆದು ಬೂಸ್ಟು ಹಿಡಿದು ನಾತ ಹೊಡೆಯಿತು, ಮರಿಗಳು ಜೋತು ಬಿದ್ದವು, ರಕ್ತಭೇದಿ ಶುರುವಾಗಿ ಒಂದು ಕಾವಿನ ಮರಿಗಳಲ್ಲಿ ಅರ್ಧ ಹೋದವು. ರಕ್ತಭೇದಿಯ ಜೀವಿ ಹಿಕ್ಕೆಯಲ್ಲಿ ಬಿದ್ದು, ಬೆಚ್ಚಗಿನ ಒದ್ದೆ ನೆಲ ಸಿಕ್ಕರೆ ಒಂದೆರಡು ದಿನದಲ್ಲೇ ರೋಗ ಹರಡುವಷ್ಟು ಬಲಿಯುತ್ತದೆ. ನೆಲ ಒಣಗಿದ್ದರೆ ಅದಕ್ಕೆ ಅಷ್ಟು ಬಲ ಬರುವುದಿಲ್ಲ. ಅದಕ್ಕೇ ಕೆಸರನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

ಕೆಸರಿನ ಮೇಲೆ ಏನು ಹಾಕಲಿ ಅಂತ ಕೇಳುವ ಮುಂಚೆ, ನೀರು ಎಲ್ಲಿಂದ ಬರುತ್ತಿದೆ ನೋಡಿ. ಮಳೆ ಬರುವಾಗ ಕೊಡೆ ಹಿಡಿದು ಹೋಗಿ ನಿಂತರೆ ಐದು ನಿಮಿಷದಲ್ಲಿ ಗೊತ್ತಾಗುತ್ತದೆ. ನಮ್ಮಲ್ಲಿ ಅರ್ಧ ನೀರು ಗೂಡಿನ ತಗಡಿನಿಂದಲೇ ಅಂಗಳಕ್ಕೆ ಬೀಳುತ್ತಿತ್ತು. 10 ಅಡಿಗೆ 10 ಅಡಿ ತಗಡಿನ ಮೇಲೆ ಒಂದು ಇಂಚು ಮಳೆ ಬಿದ್ದರೆ ಸುಮಾರು 235 ಲೀಟರ್ ನೀರು, ಒಂದು ದೊಡ್ಡ ಡ್ರಮ್ಮಿಗೂ ಜಾಸ್ತಿ! ಒಂದು ಪಿವಿಸಿ ಪೈಪನ್ನು ಉದ್ದಕ್ಕೆ ಸೀಳಿ ತಗಡಿನ ಅಂಚಿಗೆ ಕಟ್ಟಿ ಹೊರಗೆ ಬಿಡಿ. ಅಂಗಳದ ಮೇಲಿನ ಕಡೆ, ಹೊರಗಿನ ನೀರು ಒಳಗೆ ಬಾರದಂತೆ, ಒಂದು ಗೇಣು ಆಳದ ಕಾಲುವೆ ತೋಡಿ. ಕುಡಿಯುವ ನೀರಿನ ಪಾತ್ರೆಯನ್ನು ಅಗಲವಾದ ಕಲ್ಲಿನ ಮೇಲಿಡಿ, ಚೆಲ್ಲಿದ ನೀರೇ ದಿನಾ ಒಂದು ಗುಂಡಿ ಮಾಡುತ್ತದೆ.

ನೀರು ತಿರುಗಿದ ಮೇಲೆ ಕೊಳೆತ ಮೇಲ್ಮಣ್ಣು ಕೆರೆದು ತಿಪ್ಪೆಗೆ ಹಾಕಿ. ತಗ್ಗು ಇದ್ದಲ್ಲಿ ಗರಸು, ಅಂದರೆ ಸಣ್ಣ ಕಲ್ಲು ಬೆರೆತ ಗಟ್ಟಿ ಮಣ್ಣು, ತುಂಬಿ ದಮ್ಮಸು ಮಾಡಿ. ಅದರ ಮೇಲೆ ಚಿಕ್ಕದಾಗಿ ಕಡಿದ ತೊಗರಿ ಕಟ್ಟಿಗೆ, ಮೇಲೆ ಭತ್ತದ ಹೊಟ್ಟು, ಎಲ್ಲ ಸೇರಿ ನಾಲ್ಕರಿಂದ ಆರು ಇಂಚು. ಹೊಟ್ಟಿಗೆ ಗಂಗಾವತಿ, ಕಾರಟಗಿ, ಸಿಂಧನೂರು ಕಡೆ ಅಲೆಯಬೇಕಾಗಿಲ್ಲ, ರೈಸ್ ಮಿಲ್ಲು ಹೆಜ್ಜೆಗೊಂದಿವೆ. ಫಾಲ್ಗುಣದಲ್ಲಿ ಬೇವಿನ ಎಲೆ ಉದುರುವಾಗ ಸುಮ್ನೆ ಸುಟ್ಟು ಹಾಕಬೇಡಿ, ನಾಲ್ಕು ಚೀಲ ತುಂಬಿಟ್ಟುಕೊಂಡರೆ ಮಳೆಗಾಲಕ್ಕೆ ಒಳ್ಳೆ ಹಾಸು. ಶೇಂಗಾ ಸಿಪ್ಪೆ ಮಾತ್ರ ಬೂಸ್ಟು ಬಂದಿದ್ದರೆ ಬೇಡವೇ ಬೇಡ.

ಇನ್ನು ಗಿಡ. ನೀರು ಹರಿದು ಹೋಗುವ ಮೂಲೆಗೆ ಬಾಳೆ ಹಚ್ಚಿ, ಚೆನ್ನಾಗಿ ನೀರು ಕುಡಿಯುತ್ತದೆ. ಅಂಚಿಗೆ ನುಗ್ಗೆ. ಅದು ಬೇಗ ಬೆಳೆಯುತ್ತದೆ, ಅದರ ಸೊಪ್ಪನ್ನೂ ಕೋಳಿ ತಿನ್ನುತ್ತದೆ. ನಮ್ಮ ಕಡೆ ಏಪ್ರಿಲ್, ಮೇ ತಿಂಗಳ 40 ಡಿಗ್ರಿ ಬಿಸಿಲಿಗೆ ಕೋಳಿ ಬಾಯಿ ತೆರೆದು ತೇಕುತ್ತದಲ್ವಾ, ಮಳೆಗಾಲಕ್ಕೆ ಅಂತ ಹಚ್ಚಿದ ಗಿಡವೇ ಆಗ ನೆರಳು. ಒಂದು ಲಿಂಬೆ ಗಿಡ ಇದ್ದರೆ ಹದ್ದು ಬಂದಾಗ ಮರಿಗಳು ಮುಳ್ಳಿನೊಳಗೆ ನುಗ್ಗಿ ಉಳಿಯುತ್ತವೆ. ಎಳೆ ಗಿಡದ ಬುಡವನ್ನು ಕೋಳಿ ಕೆದರಿ ಬೇರು ಮೇಲೆ ಮಾಡುತ್ತದೆ, ಅದಕ್ಕೆ ಬುಡದ ಸುತ್ತ ಒಂದು ಅಡಿವರೆಗೆ ದಪ್ಪ ದಪ್ಪ ಕಲ್ಲು ಜೋಡಿಸಿ. ಕಲ್ಲಿಗೇನು ನಮ್ಮಲ್ಲಿ ಬರವೇ? ಕಣಗಿಲೆ, ಔಡಲ ಮಾತ್ರ ಅಂಗಳದೊಳಗೆ ಬೇಡ, ವಿಷ.

ಹುಲ್ಲು ಬೆಳೆಸಬೇಕು ಅಂದರೆ ಬರೀ ಬೀಜ ಚೆಲ್ಲಿದರೆ ಆಗದು, ಒಂದೇ ಮಧ್ಯಾಹ್ನದಲ್ಲಿ ಎಲ್ಲ ಕೆದರಿ ಬಯಲು ಮಾಡುತ್ತವೆ. ನಾಲ್ಕು ಹಳೆ ಹಲಗೆ ಸೇರಿಸಿ ಆರು ಇಂಚು ಎತ್ತರದ ಚೌಕಟ್ಟು ಮಾಡಿ, ಒಳಗೆ ಮೆಂತ್ಯ, ರಾಜಗಿರಿ, ಗೋದಿ ಬಿತ್ತಿ, ಮೇಲೆ ತಂತಿ ಜಾಲಿ ಹೊಡೆಯಿರಿ. ಎಲೆ ಜಾಲಿಯಿಂದ ಮೇಲೆ ಬಂದಷ್ಟೂ ಕೋಳಿ ಕಚ್ಚಿ ತಿನ್ನುತ್ತದೆ, ಬೇರು ಕೆಳಗೆ ಉಳಿದು ಮತ್ತೆ ಚಿಗುರುತ್ತದೆ. ಇಂಥ ಎರಡು ಚೌಕಟ್ಟು ಇದ್ದರೆ ಒಂದನ್ನು ಕೋಳಿ ಮೇಯುವಾಗ ಇನ್ನೊಂದು ಬೆಳೆಯುತ್ತದೆ. ಒಂದು ಮಾತು, ಜೋಳ ಮಾತ್ರ ಬಿತ್ತಬೇಡಿ, ಮೊಳಕೆ ಬರಿಸಿಯೂ ಹಾಕಬೇಡಿ. ಎಳೆ ಜೋಳದ ಪೈರು ದನಕ್ಕೆ ವಿಷ ಅಂತ ನಮ್ಮ ರೈತರಿಗೆಲ್ಲ ಗೊತ್ತು, ಆ ಸಯನೈಡ್ ಅಂಶ ಮೊಳಕೆಯಲ್ಲೂ ಇರುತ್ತದೆ. ಒಣ ಕಾಳು ಧಾರಾಳವಾಗಿ ಹಾಕಿ.

ಕೆಲಸವಿಲ್ಲದ ಕೋಳಿ ಒಂದೇ ಜಾಗ ತುಳಿಯುತ್ತದೆ, ಇಲ್ಲ ಪಕ್ಕದ ಕೋಳಿಯ ಪುಕ್ಕ ಕೀಳುತ್ತದೆ. ಕಾಳನ್ನು ತಟ್ಟೆಯಲ್ಲಿ ಇಡುವ ಬದಲು ಸಂಜೆ ಒಂದು ಹಿಡಿ ಸಜ್ಜೆ, ನುಚ್ಚು ಹೊಟ್ಟಿನ ಮೇಲೆ ಎರಚಿ. ಅವೇ ಕೆದರಿ ಕೆದರಿ ಹಾಸನ್ನು ಮೇಲೆ ಕೆಳಗೆ ಮಾಡುತ್ತವೆ, ಗಾಳಿಯಾಡಿ ಅದು ಒಣಗುತ್ತದೆ, ನೀವು ಸಲಿಕೆ ಹಿಡಿಯುವ ಕೆಲಸ ಅರ್ಧ ಕಡಿಮೆ. ನುಗ್ಗೆ ಟೊಂಗೆ, ಹತ್ತರಕಿ ಸೊಪ್ಪಿನ ಕಟ್ಟನ್ನು ಕೋಳಿ ಕತ್ತೆತ್ತಿದರೆ ಸಿಗುವ ಎತ್ತರಕ್ಕೆ ತೂಗು ಹಾಕಿ. ಒಂದು ಮೂಲೆಯಲ್ಲಿ ತಗಡಿನ ಕೆಳಗೆ ಒಲೆ ಬೂದಿ, ಒಣ ಮಣ್ಣು ಬೆರೆಸಿಟ್ಟರೆ ಹೊರಳಾಡಿ ಹೇನು ಕಳೆದುಕೊಳ್ಳುತ್ತವೆ.

ಗದ್ದೆ ಬದುವಿನ ಹುಲ್ಲು ಕೊಯ್ದು ತರುವ ಮುಂಚೆ, ಔಷಧ ಹೊಡೆದಿದ್ದಾರಾ ಅಂತ ಕೇಳಿಯೇ ತನ್ನಿ. ಒಮ್ಮೆ ಕೇಳದೆ ತಂದು ಹಾಕಿ ಮೊಟ್ಟೆ ಇಡುತ್ತಿದ್ದ ಮೂರು ಹೇಂಟೆ ಕಳೆದುಕೊಂಡೆ, ಇವತ್ತಿಗೂ ಆ ನೋವು ಹೋಗಿಲ್ಲ.

ಮರಿಗಳಿಗೆ ನಾನು ಈಗಲೂ ಗೆದ್ದಲು ಹಿಡಿದು ಹಾಕುತ್ತೇನೆ. ಒಡಕು ಮಡಿಕೆಯಲ್ಲಿ ಒದ್ದೆ ಹುಲ್ಲು, ಒಣ ಸೆಗಣಿ, ಹರಿದ ಗೋಣಿ ತುಂಡು ತುಂಬಿ, ಗೆದ್ದಲು ಓಡಾಡುವ ಕಡೆ ಸಂಜೆ ಬೋರಲು ಹಾಕಿ. ಬೆಳಗ್ಗೆ ಬಿಸಿಲೇರುವ ಮುಂಚೆ ಎತ್ತಿ ಅಂಗಳದಲ್ಲಿ ಕೊಡವಿ. ತಡ ಮಾಡಿದರೆ ಗೆದ್ದಲು ಮಣ್ಣಿಗೆ ಇಳಿದು ಬಿಡುತ್ತವೆ. ಮನೆ ಗೋಡೆಯ ಹತ್ತಿರ ಮಾತ್ರ ಈ ಮಡಿಕೆ ಇಡಬೇಡಿ, ಹೊಲದ ಬದುವಿಗೆ ಹೋಗಿ ಇಡಿ.