ಪಿಎಫ್‌ಸೆನ್ಸ್‌ನಲ್ಲಿ ನಾನು ಪೋರ್ಟ್ ಫಾರ್ವರ್ಡ್ ಮಾಡುವ ಬಗೆ

ಪಿಎಫ್‌ಸೆನ್ಸ್ ಎಂದರೆ ರೂಟರ್ ಮತ್ತು ಫೈರ್‌ವಾಲ್ ಆಗಿ ಕೆಲಸ ಮಾಡುವ ಸಾಫ್ಟ್‌ವೇರ್. ಪೋರ್ಟ್ ಫಾರ್ವರ್ಡ್ ಎಂದರೆ ಹೊರಗಿನಿಂದ ಒಂದು ಪೋರ್ಟಿಗೆ ಬಂದದ್ದನ್ನು ಒಳಗಿನ ಒಂದು ಯಂತ್ರಕ್ಕೆ ಕಳಿಸುವುದು. ಅದರ ರೂಲ್ ಬರೆಯುವುದು ಎರಡು ನಿಮಿಷದ ಕೆಲಸ. ಅದಕ್ಕೂ ಮೊದಲು ನಾನು ನೋಡುವುದು ವ್ಯಾನ್ (ಇಂಟರ್‌ನೆಟ್ ಕಡೆಯ) ಇಂಟರ್‌ಫೇಸಿಗೆ ಸಿಕ್ಕಿರುವ ಐಪಿಯನ್ನು. ಅದು 100.64.0.0ರಿಂದ 100.127.255.255ರ ನಡುವೆ ಇದ್ದರೆ ಇಂಟರ್‌ನೆಟ್ ಕೊಡುವವರೇ ನಮ್ಮ ಮುಂದೆ ಇನ್ನೊಂದು ನ್ಯಾಟ್ (ಐಪಿ ವಿಳಾಸ ಬದಲಿಸುವ ವ್ಯವಸ್ಥೆ) ಕೂರಿಸಿದ್ದಾರೆ ಎಂದರ್ಥ. ಪಬ್ಲಿಕ್ ಐಪಿ ಕೇಳಿ ಪಡೆಯದೆ ಇಲ್ಲಿ ಏನು ಮಾಡಿದರೂ ನೀರಿನಲ್ಲಿ ಹೋಮ. 192.168ರಿಂದ ಶುರುವಾದರೆ ಸಾಮಾನ್ಯವಾಗಿ ಮುಂದಿನ ಮೋಡೆಮ್ಮೇ ರೂಟರ್ ಆಗಿ ಕೂತಿರುತ್ತದೆ. ಅದನ್ನು ರೂಟರ್ ಕೆಲಸ ಬಿಟ್ಟು ಬರೀ ಮೋಡೆಮ್ ಆಗುವ ಬ್ರಿಡ್ಜ್ ಮೋಡ್‌ಗೆ ಹಾಕುತ್ತೇನೆ.

ಒಳಗಿನ ವೆಬ್ ಸರ್ವರ್ 192.168.1.50, ಪೋರ್ಟ್ 443, ಹೊರಗಿನಿಂದ 8443 ಎಂದುಕೊಳ್ಳಿ. ಸರ್ವರಿಗೆ ಆ ಐಪಿಯನ್ನು ಡಿಎಚ್‌ಸಿಪಿಯಲ್ಲಿ (ಐಪಿ ಹಂಚುವ ಸೇವೆ) ಸ್ಟ್ಯಾಟಿಕ್ ಆಗಿ ಕಟ್ಟಿಹಾಕಿ, ಫೈರ್‌ವಾಲ್ ಮೆನುವಿನ ನ್ಯಾಟ್‌ನಲ್ಲಿ ಪೋರ್ಟ್ ಫಾರ್ವರ್ಡ್ ತೆರೆಯುತ್ತೇನೆ. ಇಂಟರ್‌ಫೇಸ್ ವ್ಯಾನ್, ಪ್ರೋಟೋಕಾಲ್ ಟಿಸಿಪಿ, ಡೆಸ್ಟಿನೇಶನ್ ವ್ಯಾನ್ ಅಡ್ರೆಸ್, ಪೋರ್ಟ್ 8443. ರೀಡೈರೆಕ್ಟ್ ಟಾರ್ಗೆಟ್ 192.168.1.50, ಪೋರ್ಟ್ 443. ಸೋರ್ಸ್ ಪೋರ್ಟ್ ಮುಟ್ಟಬೇಡಿ. ಕ್ಲೈಂಟ್ ಪ್ರತಿ ಸಲ ಬೇರೆ ಪೋರ್ಟಿನಿಂದ ಹೊರಡುತ್ತದೆ, ಅಲ್ಲಿ 8443 ತುಂಬಿದರೆ ರೂಲ್ ಹೊಂದುವುದೇ ಇಲ್ಲ.

ಜೊತೆಗಿನ ಫಿಲ್ಟರ್ ರೂಲನ್ನು (ಒಳಬಿಡುವ ಅನುಮತಿ) ಪಿಎಫ್‌ಸೆನ್ಸ್‌ನಿಂದಲೇ ಮಾಡಿಸುವುದು ಲೇಸು. ಕೈಯಾರೆ ಬರೆಯುವವರು ಎಡವುವುದು ಇಲ್ಲೇ: ವಿಳಾಸ ಬದಲಾದ ಮೇಲೆಯೇ ಫಿಲ್ಟರ್ ನೋಡುತ್ತದೆ, ಹಾಗಾಗಿ ಅಲ್ಲಿ ಬರೆಯಬೇಕಾದದ್ದು 192.168.1.50 ಮತ್ತು 443, ಹೊರಗಿನ 8443 ಅಲ್ಲ. ಬರುವವರ ಐಪಿ ಗೊತ್ತಿದ್ದರೆ ಸೋರ್ಸ್‌ನಲ್ಲಿ ಅಷ್ಟನ್ನೇ ಬಿಡುತ್ತೇನೆ. ರಿಮೋಟ್ ಡೆಸ್ಕ್‌ಟಾಪಿನ 3389 ಮಾತ್ರ ನಾನು ತೆರೆಯುವುದಿಲ್ಲ. ಅದಕ್ಕೆ ವಿಪಿಎನ್ ಇದೆ.

ಪರೀಕ್ಷೆ ಮೊಬೈಲ್ ಡೇಟಾದಿಂದ. ಒಳಗಿನ ವೈಫೈಯಿಂದ ಪಬ್ಲಿಕ್ ಐಪಿಗೆ ಹೋದರೆ, ನ್ಯಾಟ್ ರಿಫ್ಲೆಕ್ಷನ್ (ಒಳಗಿನಿಂದ ಪಬ್ಲಿಕ್ ಐಪಿಗೆ ಹೋದದ್ದನ್ನೂ ಫಾರ್ವರ್ಡ್ ಮಾಡುವ ಸೆಟ್ಟಿಂಗ್) ಹಾಕಿರದಿದ್ದರೆ, ಸರಿಯಾದ ರೂಲ್ ಕೂಡ ಕೆಟ್ಟಂತೆ ಕಾಣುತ್ತದೆ. ಒಳಗಿನವರಿಗೂ ಅದೇ ಹೆಸರು ಬೇಕಿದ್ದರೆ ರಿಫ್ಲೆಕ್ಷನ್‌ಗಿಂತ ಡಿಎನ್‌ಎಸ್ ರಿಸಾಲ್ವರಿನ ಹೋಸ್ಟ್ ಓವರ್‌ರೈಡ್ (ಆ ಹೆಸರಿಗೆ ಸರ್ವರಿನ ಒಳಗಿನ ಐಪಿಯನ್ನೇ ಕೊಡುವುದು) ನನಗೆ ಹಿಡಿಸುತ್ತದೆ. ಆದರೆ ಹೆಸರು ನೇರ ಸರ್ವರಿಗೇ ಹೋಗುವುದರಿಂದ 8443 ಅಲ್ಲಿ ನಡೆಯದು. ಒಳಗೂ ಹೊರಗೂ ಒಂದೇ ಪೋರ್ಟ್ ಇಡಬೇಕು.

ತೆರೆಯದಿದ್ದರೆ ಊಹೆಗೆ ಹೋಗದೆ ಡಯಾಗ್ನೋಸ್ಟಿಕ್ಸ್‌ನ ಪ್ಯಾಕೆಟ್ ಕ್ಯಾಪ್ಚರ್ ಹಾಕುತ್ತೇನೆ. ವ್ಯಾನ್‌ನಲ್ಲಿ 8443ಕ್ಕೆ ಸಿನ್ (ಕನೆಕ್ಷನ್ ಕೋರುವ ಮೊದಲ ಪ್ಯಾಕೆಟ್) ಬರುತ್ತಲೇ ಇಲ್ಲವೇ? ತಡೆ ನಮ್ಮಿಂದ ಆಚೆ ಇದೆ. ವ್ಯಾನ್‌ಗೆ ಬಂದು ಲ್ಯಾನ್‌ಗೆ (ಒಳಗಿನ ಜಾಲಕ್ಕೆ) ಹೊರಡದಿದ್ದರೆ ಸಾಮಾನ್ಯವಾಗಿ ನಮ್ಮ ರೂಲೇ ತಪ್ಪು. ಲ್ಯಾನ್‌ನಿಂದ ರೀಸೆಟ್ (ಕನೆಕ್ಷನ್ ನಿರಾಕರಿಸುವ ಉತ್ತರ) ಬಂದರೆ ಸರ್ವಿಸ್ ಓಡುತ್ತಿಲ್ಲ, ಇಲ್ಲವೇ 127.0.0.1ಕ್ಕೆ, ಎಂದರೆ ತನ್ನದೇ ಯಂತ್ರಕ್ಕೆ, ಮಾತ್ರ ಕಿವಿಗೊಟ್ಟಿದೆ. ಲ್ಯಾನ್‌ಗೆ ಹೋಗಿ ಉತ್ತರವೇ ಇಲ್ಲದಿದ್ದರೆ ಮೊದಲು ಸರ್ವರಿನ ಸ್ವಂತ ಫೈರ್‌ವಾಲ್, ಆಮೇಲೆ ಅದರ ಡಿಫಾಲ್ಟ್ ಗೇಟ್‌ವೇ ನೋಡುತ್ತೇನೆ. ಗೇಟ್‌ವೇ ಬೇರೆ ರೂಟರಿನತ್ತ ಇದ್ದರೆ ಉತ್ತರ ಬೇರೆ ದಾರಿ ಹಿಡಿಯುತ್ತದೆ, ಕನೆಕ್ಷನ್ ಕೂಡುವುದೇ ಇಲ್ಲ.