ಕೊಬ್ಬರಿ ಅಟ್ಟದ ಹಲಗೆಗೆ ಎಣ್ಣೆನೀರು

ನಮ್ಮದು ತಿಪಟೂರಿನ ಪಕ್ಕದ ಹಳ್ಳಿ. ಅಟ್ಟಕ್ಕೆ ತಾತ ಹಾಕಿಸಿದ್ದು ಹಲಸಿನ ಹಲಗೆ. ಕಾಯಿ ಅಲ್ಲೇ ಹತ್ತಿರ ಹತ್ತಿರ ಒಂದು ವರ್ಷ ಒಣಗೋದು. ಅಲ್ಲಾಡಿಸಿದಾಗ ಒಳಗೆ ಗಿಟುಕು ಲೊಟಲೊಟ ಅಂದರೆ ಸುಲಿಯೋ ಕಾಲ. ಒಡೆದ ಉಂಡೆ ಕೊಬ್ಬರಿಯನ್ನು ಕಿಟಕಿ ಪಕ್ಕ ರಾಶಿ ಹಾಕಿ, ಚೀಲ ತುಂಬಿ ತಿಪಟೂರು ಮಾರ್ಕೆಟ್ಟಿಗೆ ಸಾಗಿಸೋದು. ಕೊಬ್ಬರಿಯಲ್ಲಿ ಶೇ. 60ಕ್ಕೂ ಹೆಚ್ಚು ಎಣ್ಣೆಯೇ ಇರುತ್ತೆ. ಅಷ್ಟು ವರ್ಷದ ಎಣ್ಣೆ, ಧೂಳು, ಒಲೆಯ ಹೊಗೆ ಎಲ್ಲ ಸೇರಿ ಆ ಮೂಲೆ ದೋಸೆ ಕಾವಲಿಯ ಬೆನ್ನಿನ ಥರ ಆಗಿತ್ತು. ಈಗ ಕಾಯಿಗೆ ಹೊರಗೆ ಶೆಡ್ ಕಟ್ಟಿದ್ದೇವೆ. ಅಟ್ಟ ಮಗಳಿಗೆ ಓದೋ ಕೋಣೆ ಆಗಬೇಕಿತ್ತು.

ಮೊದಲ ತಪ್ಪು ಅಮ್ಮನದು. ನೆಲ ಅಂದಮೇಲೆ ನೀರು ಹುಯ್ದು ತೊಳೆಯಬೇಕು ಅನ್ನೋದು ಅವರ ಸಿದ್ಧಾಂತ, ಕೆಳಗಿನ ರೆಡ್ ಆಕ್ಸೈಡ್ ನೆಲಕ್ಕೆ ಅದು ಸರಿಯೇ. ಎರಡು ಬಕೆಟ್ ಬಿಸಿನೀರು, ಮೇಲೊಂದು ಹಿಡಿ ಬಟ್ಟೆ ಸೋಪಿನ ಪುಡಿ. ನೀರು ಸಂದಿಯಲ್ಲಿಳಿದು ಕೆಳಗಿದ್ದ ರಾಗಿ ಚೀಲದ ಮೇಲೆ ಬಿತ್ತು. ಎರಡು ದಿನಕ್ಕೆ ಹಲಗೆಗಳ ಅಂಚು ಎದ್ದು ನಡುವೆ ತಗ್ಗು, ತೊಟ್ಟಿಲ ಥರ. ನೀರು ಕುಡಿದ ಕಡೆ ಮರ ಉಬ್ಬುತ್ತೆ, ಅಷ್ಟೇ. ಸರಿಹೋಗೋಕೆ ಮೂರು ವಾರ ಕಿಟಕಿ ತೆಗೆದಿಟ್ಟು ಕಾಯಬೇಕಾಯಿತು. ಮೊಳೆ ಸುತ್ತ ಕಪ್ಪು ಉಂಗುರ ಬೇರೆ. ಕಬ್ಬಿಣ, ನೀರು, ಮರದ ಒಗರು ಮೂರೂ ಕೂಡಿದರೆ ಹಳೇ ಕಾಲದ ಶಾಯಿ ಆಗುತ್ತಲ್ಲ, ಅದೇ ಇದು.

ಎರಡನೇ ತಪ್ಪು ನನ್ನದು. ಫೋನಿನಲ್ಲಿ ನೋಡಿ ಅಡುಗೆ ಸೋಡಾ ಹಾಕಿ ಮೇಲೆ ವಿನೆಗರ್ ಸುರಿದೆ. ಬುಸುಬುಸು ಅಂತ ನೊರೆ ಬಂತು, ನೋಡೋಕೆ ಚೆನ್ನಾಗಿತ್ತು. ಆದರೆ ಒಂದು ಆಮ್ಲ, ಇನ್ನೊಂದು ಕ್ಷಾರ. ಒಂದನ್ನೊಂದು ಕೊಂದುಕೊಂಡ ಮೇಲೆ ಉಳಿಯೋದು ಒಂದು ಥರದ ಲವಣದ ನೀರು. ಜಿಡ್ಡು ಇದ್ದಲ್ಲೇ ಇತ್ತು. ಸೋಡಾ ಗಟ್ಟಿಯಾಗಿ ಕೂತಿದ್ದ ಕಡೆ ಹಲಗೆಯ ಬಣ್ಣ ಕಂದಾಯಿತು, ಅದು ಇವತ್ತಿಗೂ ಕಾಣುತ್ತೆ.

ದಾರಿ ತೋರಿಸಿದ್ದು ಡಿಸೆಂಬರ್ ಚಳಿ. ಒಂದು ಬೆಳಿಗ್ಗೆ ಹತ್ತಿ ನೋಡಿದರೆ ಕಿಟಕಿ ಮೂಲೆಯಲ್ಲಿ ಬೆಳ್ಳಗೆ ಮೇಣದಂಥ ಪೊರೆ. ಬೂಸ್ಟು ಅಂದುಕೊಂಡೆ. ಮಧ್ಯಾಹ್ನ ಹೆಂಚು ಕಾದ ಹೊತ್ತಿಗೆ ಮಾಯ! ಸ್ನಾನದ ಮನೆಯ ಎಣ್ಣೆ ಬಾಟಲಿಯೂ ಅವತ್ತು ಗಟ್ಟಿಯಾಗಿತ್ತು. ಕೊಬ್ಬರಿ ಎಣ್ಣೆ ಹೆಪ್ಪುಗಟ್ಟೋದು ಸುಮಾರು 24 ಡಿಗ್ರಿಗೆ. ಅಂದರೆ ಹಲಗೆಯೊಳಗಿನ ಎಣ್ಣೆ ಇನ್ನೂ ಹಸಿ, ಸ್ವಲ್ಪ ಬಿಸಿ ತಾಗಿದರೆ ತಾನೇ ಮೇಲೆ ಬರುತ್ತೆ. ತೊಳೆಯೋದಲ್ಲ, ಹೀರಬೇಕಿತ್ತು.

ಮೇಲಿನ ಕಪ್ಪು ಪದರವನ್ನು ತೆಂಗಿನ ಚಿಪ್ಪಿನ ಅಂಚಿನಲ್ಲಿ ಕೆರೆದೆ. ಸ್ಟೀಲ್ ಸ್ಕ್ರಬ್ಬರ್ ಬೇಡ, ಗೀರು ಬೀಳುತ್ತೆ. ಆಮೇಲೆ ಹಳೇ ಬಿಳಿ ಪಂಚೆಯನ್ನು ಎರಡು ಮಡಿಕೆ ಹಾಸಿ, ಇಸ್ತ್ರಿಪೆಟ್ಟಿಗೆಯನ್ನು ಕಡಿಮೆ ಕಾವಿನಲ್ಲಿ ಅದರ ಮೇಲೆ ನಿಧಾನ ಆಡಿಸಿದೆ. ಅಮ್ಮ ಮೆಟ್ಟಿಲ ಮೇಲೆ ನಿಂತು, ನೆಲಕ್ಕೂ ಇಸ್ತ್ರಿ ಹಾಕ್ತಾನೆ ಅಂತ ಪಕ್ಕದ ಮನೆಯವರಿಗೆ ಕೂಗಿ ಹೇಳಿದರು. ಪಂಚೆ ತೆಗೆದರೆ ಹಲಗೆಯ ಎಳೆ ಎಳೆಯೂ ಹಳದಿ ಜಿಡ್ಡಿನಲ್ಲಿ ಬಟ್ಟೆಗೆ ಅಚ್ಚಾಗಿತ್ತು. ಜಾಗ ಬದಲಿಸುತ್ತಾ ನಾಲ್ಕು ಮಧ್ಯಾಹ್ನ ಇದೇ ಕೆಲಸ. ರಾತ್ರಿ ಸಾ ಮಿಲ್ಲಿನ ಒಣ ಹೊಟ್ಟು ಹರಡಿ, ಬೆಳಿಗ್ಗೆ ಗುಡಿಸೋದು.

ಕೊನೆಗೆ ಅಂಟುವಾಳ. ಹದಿನೈದು ಕಾಯಿ ಬೀಜ ತೆಗೆದು ಎರಡು ಲೀಟರ್ ನೀರಲ್ಲಿ ರಾತ್ರಿ ನೆನೆಹಾಕಿ, ಕಿವುಚಿ, ಸೋಸಿದೆ. ನಮ್ಮ ಬೋರಿನ ನೀರು ಗಡಸು. ಸೋಪು ಹಾಕಿದರೆ ಸುಣ್ಣದಂಶದ ಜೊತೆ ಸೇರಿ ಮರದ ಮೇಲೆ ಬೆಳ್ಳಗೆ ಕೂರುತ್ತೆ, ಅಂಟುವಾಳಕ್ಕೆ ಆ ರಗಳೆ ಇಲ್ಲ. ಸೀಗೆ ಬಳಸಲಿಲ್ಲ. ಅದರ ಒಗರು ಮೊಳೆ ಉಂಗುರವನ್ನು ಇನ್ನಷ್ಟು ಕಪ್ಪಾಗಿಸೀತು ಅಂತ ಭಯ. ಬಟ್ಟೆ ಅದ್ದಿ, ಒಂದು ಹನಿಯೂ ಬೀಳದಷ್ಟು ಹಿಂಡಿ, ಎಳೆ ಹೋದ ದಿಕ್ಕಿಗೇ ಒರೆಸೋದು. ಒಂದು ಹಲಗೆ ಮುಗಿದ ತಕ್ಷಣ ಒಣಬಟ್ಟೆ. ಉಂಗುರಗಳಿಗೆ ನಿಂಬೆರಸ ಹಚ್ಚಿ ಒರೆಸಿದೆ, ಮಾಸಿದವು, ಪೂರ್ತಿ ಹೋಗಲಿಲ್ಲ. ಇರಲಿ ಬಿಡಿ.

ಇದು ವಾರ್ನಿಷ್ ಇಲ್ಲದ ಬರೀ ಮರ, ಅದಕ್ಕೇ ಇಷ್ಟು ಧೈರ್ಯ. ಪಾಲಿಶ್ ಇರೋ ನೆಲಕ್ಕೆ ಇಸ್ತ್ರಿಯೂ ಬೇಡ, ನಿಂಬೆಯೂ ಬೇಡ, ಹಿಂಡಿದ ಬಟ್ಟೆ ಸಾಕು. ಗೊತ್ತಾಗದಿದ್ದರೆ ಮೂಲೆಯಲ್ಲಿ ಒಂದು ಹನಿ ನೀರು ಬಿಟ್ಟು ನೋಡಿ. ಮುತ್ತಿನಂತೆ ನಿಂತರೆ ಮೇಲೆ ಲೇಪ ಇದೆ (ನಮ್ಮ ಥರ ಎಣ್ಣೆ ಕುಡಿದ ಹಲಗೆಯಲ್ಲಿ ಮಾತ್ರ ಈ ಪರೀಕ್ಷೆ ಮೋಸ ಮಾಡುತ್ತೆ).

ಹೊಳಪಿಗೆ ಕೊಬ್ಬರಿ ಎಣ್ಣೆಯನ್ನೇ ಸವರು ಅಂದರು ಅಮ್ಮ. ಅದು ಒಣಗೋ ಎಣ್ಣೆಯಲ್ಲ, ಮತ್ತೆ ಧೂಳಿಗೆ ಅಂಟಾಗುತ್ತೆ. ಪೇಂಟಿನ ಅಂಗಡಿಯಲ್ಲಿ ಸಿಗೋ ಕಾಯಿಸಿದ ಅಗಸೆ ಎಣ್ಣೆ ತೆಳ್ಳಗೆ ಹಚ್ಚಿದೆ. ಒರೆಸಿದ ಬಟ್ಟೆಯನ್ನು ಮಾತ್ರ ಮುದ್ದೆ ಮಾಡಿ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ತಾನೇ ಕಾವು ಏರಿ ಬಟ್ಟೆಗೆ ಬೆಂಕಿ ಹೊತ್ತಬಹುದು. ನಾನು ಬಾವಿಕಟ್ಟೆ ಮೇಲೆ ಬಿಡಿಬಿಡಿಯಾಗಿ ಹರಡಿದೆ.

ಈಗ ಮಗಳು ಅಲ್ಲಿ ಚಾಪೆ ಹಾಸದೆ ಮಲಗುತ್ತಾಳೆ. ಹಲಗೆ ಹಳೇ ಬೆಲ್ಲದ ಬಣ್ಣಕ್ಕೆ ಬಂದಿದೆ. ಬಿಸಿಲೇರಿದರೆ ಕೊಬ್ಬರಿ ವಾಸನೆ ಇನ್ನೂ ಏಳುತ್ತೆ, ಅದನ್ನು ತೆಗೆಯೋ ಉಪಾಯ ನಾನು ಹುಡುಕಿಲ್ಲ. ಮೆಟ್ಟಿಲು ಬಾಕಿ ಇದೆ, ಆದರೆ ಮನೆಯಲ್ಲಿ ಹಳೇ ಪಂಚೆ ಖಾಲಿ.