ಮಾನ್‌ಸ್ಟರ್‌ನ ಗುಟ್ಟು: ಗೇಮ್ ಮಾಸ್ಟರ್ ಎಷ್ಟು ಬಿಟ್ಟುಕೊಡಬೇಕು?

ಮೇಜಿನ ಸುತ್ತ ಕುಳಿತು ಆಡುವ ರೋಲ್‌ಪ್ಲೇಯಿಂಗ್ ಆಟಗಳಲ್ಲಿ ಉಳಿದವರು ಒಂದೊಂದು ಪಾತ್ರ ವಹಿಸಿಕೊಂಡರೆ, ಗೇಮ್ ಮಾಸ್ಟರ್ ಆದವರು ಇಡೀ ಲೋಕವನ್ನೂ ಅಲ್ಲಿ ಎದುರಾಗುವ ಮಾನ್‌ಸ್ಟರ್‌ಗಳನ್ನೂ ನಡೆಸುತ್ತಾರೆ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ 1974ರಲ್ಲಿ ಅಮೆರಿಕದಲ್ಲಿ ಪ್ರಕಟವಾದಾಗಿನಿಂದಲೂ ಈ ಏರ್ಪಾಡಿನಲ್ಲೊಂದು ತೊಡಕಿದೆ. ಮಾನ್‌ಸ್ಟರ್‌ನ ಬಲವೂ ದೌರ್ಬಲ್ಯವೂ ಗೇಮ್ ಮಾಸ್ಟರ್ ಮುಂದಿನ ಪುಟದಲ್ಲಿರುತ್ತವೆ. ಆಟಗಾರರಿಗೆ ತಿಳಿಯುವುದು ಅವರ ಬಾಯಿಂದ ಬಂದಷ್ಟೇ. ಎಲ್ಲವನ್ನೂ ಹೇಳಿಬಿಟ್ಟರೆ ಕಾದಾಟವೆಂಬುದು ಬರಿಯ ಕೂಡು-ಕಳೆ ಲೆಕ್ಕವಾಗುತ್ತದೆ, ಏನನ್ನೂ ಹೇಳದಿದ್ದರೆ ಆಟಗಾರರು ದಿಕ್ಕು ತೋಚದೆ ದಾಳ ಉರುಳಿಸುತ್ತ ಕೂರುತ್ತಾರೆ. ಮುಂದಿನ ನಿರ್ಧಾರಕ್ಕೆ ಬೇಕಾದ ಸುಳಿವು ಆ ನಿರ್ಧಾರಕ್ಕೆ ಮೊದಲೇ ಆಟಗಾರರ ಕಿವಿಗೆ ಬೀಳಬೇಕು, ಉಳಿದದ್ದನ್ನು ಅವರು ಕೆದಕಿ ಪಡೆಯಬೇಕು ಎಂಬ ಒಂದೇ ಅಳತೆಗೋಲನ್ನು ಹಿಡಿದು ಈ ಲೇಖನ ಸಾಗುತ್ತದೆ.

1. ಆಟಕ್ಕೆ ಮೊದಲು ವಿಂಗಡಿಸಿಕೊಳ್ಳಿ

ಈ ಆಟದ 2014ರ ಐದನೇ ಆವೃತ್ತಿಯಲ್ಲಿ ಬರುವ, ಟ್ರೋಲ್ ಎಂಬ ದೈತ್ಯ ಮಾನ್‌ಸ್ಟರ್ ಅನ್ನೇ ತೆಗೆದುಕೊಳ್ಳೋಣ. ಅದಕ್ಕೆ 84 ಹಿಟ್ ಪಾಯಿಂಟ್‌ಗಳು (ಪೆಟ್ಟು ತಾಳುವ ಶಕ್ತಿಯ ಅಂಕ), ಆರ್ಮರ್ ಕ್ಲಾಸ್ 15 (ಏಟು ತಾಗಲು ದಾಳದ ಲೆಕ್ಕ ಮುಟ್ಟಬೇಕಾದ ಅಂಕ). ತನ್ನ ಪ್ರತಿ ಸರದಿಯ ಆರಂಭದಲ್ಲಿ ಅದು 10 ಹಿಟ್ ಪಾಯಿಂಟ್‌ಗಳನ್ನು ಮರಳಿ ಪಡೆಯುತ್ತದೆ. ಬೆಂಕಿ ಅಥವಾ ಆಮ್ಲ ತಗುಲಿದರೆ ಮಾತ್ರ ಮುಂದಿನ ಸರದಿಯಲ್ಲಿ ಆ ಚೇತರಿಕೆ ನಿಲ್ಲುತ್ತದೆ. ಇದನ್ನೆಲ್ಲ ಒಂದು ಹಾಳೆಯಲ್ಲಿ ಮೂರು ಭಾಗ ಮಾಡಿ ಬರೆದುಕೊಳ್ಳಿ: ಕಣ್ಣಿಗೆ ಕಾಣುವಂಥದ್ದು, ವಿಚಾರಿಸಿದರೆ ತಿಳಿಯುವಂಥದ್ದು, ಹೊಡೆದಾಡಿದ ಮೇಲಷ್ಟೇ ಗೊತ್ತಾಗುವಂಥದ್ದು. ಗಾತ್ರ, ಉದ್ದನೆಯ ತೋಳು, ಉಗುರುಗಳು ಮೊದಲನೆಯ ಭಾಗಕ್ಕೆ ಸೇರುತ್ತವೆ. ಬೆಂಕಿಯ ಭಯವನ್ನು ಎರಡನೆಯದಕ್ಕೆ ಹಾಕಿ. ಅದನ್ನು ಮೂರನೆಯದಕ್ಕೆ ತಳ್ಳುವವರೇ ಹೆಚ್ಚು, ಆಟ ಕೆಡುವುದೂ ಅಲ್ಲಿಯೇ.

2. ಹೆಸರನ್ನು ತಡವಾಗಿ ಹೇಳಿ

“ಟ್ರೋಲ್ ಬಂತು” ಎಂದ ಕ್ಷಣಕ್ಕೆ ಪುಸ್ತಕ ಓದಿದ ಆಟಗಾರನಿಗೆ ಎಲ್ಲವೂ ತಿಳಿದುಹೋಗುತ್ತದೆ, ಓದದವನಿಗೆ ಏನೂ ತಿಳಿಯುವುದಿಲ್ಲ. ಹೆಸರಿನ ಬದಲು, ಗೂನು ಬೆನ್ನಿನ ಹಸಿರು ಮೈಯೊಂದು ಗಾಳಿಯನ್ನು ಮೂಸುತ್ತ ಹತ್ತಿರವಾಗುತ್ತಿದೆ ಎಂದು ವಿವರಿಸಿದರೆ, ಅದಕ್ಕೆ ವಾಸನೆಯ ಶಕ್ತಿ ಹೆಚ್ಚೆಂಬ ಉಪಯುಕ್ತ ಸಂಗತಿ ಇಬ್ಬರಿಗೂ ಸಮನಾಗಿ ಸಿಗುತ್ತದೆ, ಅಡಗಿ ಕೂರುವ ಯೋಚನೆಯಲ್ಲಿದ್ದವರು ಬೇರೆ ದಾರಿ ಹುಡುಕುತ್ತಾರೆ. ಆದರೆ ಆ ಸೀಮೆಯಲ್ಲಿ ಹುಟ್ಟಿ ಬೆಳೆದ ಪಾತ್ರವೊಂದು ತಂಡದಲ್ಲಿದ್ದರೆ ಹೆಸರನ್ನು ಮುಚ್ಚಿಡುವುದು ಬರೀ ಹಟವಾದೀತು. ಊರಿನವರೆಲ್ಲ ಬಲ್ಲ ಪ್ರಾಣಿಯನ್ನು ಆ ಪಾತ್ರವೂ ಬಲ್ಲದು.

3. ಅಪಾಯ ದೊಡ್ಡದಾದಷ್ಟೂ ಸುಳಿವು ಹೆಚ್ಚಿರಲಿ

ಟ್ರೋಲ್ ವಿಚಾರದಲ್ಲಿ ತಪ್ಪಿದರೆ ಒಂದಷ್ಟು ಗಾಯದೊಂದಿಗೆ ಓಡಿ ಪಾರಾಗಬಹುದು. ನೋಟದಿಂದಲೇ ಕಲ್ಲಾಗಿಸುವ ಮೆಡ್ಯೂಸಾ ಹಾಗಲ್ಲ. ಅದರ ಕಣ್ಣು ಕಾಣುವಂತೆ 30 ಅಡಿಯೊಳಗೆ ಸರದಿ ಆರಂಭಿಸಿದವರು ದಾಳದಲ್ಲಿ 5 ಅಥವಾ ಅದಕ್ಕಿಂತ ಹೆಚ್ಚಿನ ಅಂತರದಿಂದ ಸೋತರೆ ಆ ಕ್ಷಣವೇ ಕಲ್ಲಾಗುತ್ತಾರೆ, ಅವರನ್ನು ಮರಳಿ ಮನುಷ್ಯರಾಗಿಸುವ ಮಂತ್ರ ಎಳೆಯ ಹಂತದ ಪಾತ್ರಗಳ ಕೈಗೆಟಕುವಂಥದ್ದಲ್ಲ. ಕಣ್ಣು ತಪ್ಪಿಸಿ ಹೋರಾಡಲು ನಿಯಮದಲ್ಲೇ ಅವಕಾಶವಿದೆ. ಅದರ ಅಗತ್ಯವಿದೆಯೆಂದು ಮೊದಲೇ ಹೊಳೆದವರಿಗಷ್ಟೇ ಆ ಅವಕಾಶದಿಂದ ಉಪಯೋಗ. ಆದ್ದರಿಂದ ಬಾಗಿಲು ತೆರೆಯುವ ಮೊದಲೇ ಅಂಗಳದಲ್ಲಿ ಕೈಯನ್ನು ಮುಖಕ್ಕೆ ಅಡ್ಡ ಹಿಡಿದ ಶಿಲಾಮೂರ್ತಿಗಳಿರಲಿ, ಅವುಗಳಲ್ಲೊಂದರ ನಡುವಿಗೆ ನಿಜವಾದ ತೊಗಲಿನ ಚೀಲ ಕಟ್ಟಿರಲಿ, ಒಳಗಿನ ಕನ್ನಡಿಗಳೆಲ್ಲ ಒಡೆದು ಬಿದ್ದಿರಲಿ. ಗೇಮ್ ಮಾಸ್ಟರ್‌ಗೆ ಹಾಡುಹಗಲಿನಷ್ಟು ಸ್ಪಷ್ಟವಾದ ಸುಳಿವೂ ಮೇಜಿನ ಆಚೆಯಿದ್ದವರ ಗಮನಕ್ಕೆ ಬಾರದೆ ಹೋಗುವುದು ಮಾಮೂಲು; ಒಂದನ್ನೇ ನಂಬಿ ಕೂರಬೇಡಿ.

4. ವಿಚಾರಿಸಿದವರಿಗೆ ಬರಿಗೈ ತೋರಿಸಬೇಡಿ

ಪಾತ್ರಕ್ಕೆ ಈ ಪ್ರಾಣಿಯ ಬಗ್ಗೆ ಏನು ಗೊತ್ತು ಎಂದು ಆಟಗಾರ ಕೇಳಿದಾಗ ಇಪ್ಪತ್ತು ಮುಖದ ದಾಳ ಉರುಳಿಸುವುದು ರೂಢಿ. ಪಾಥ್‌ಫೈಂಡರ್ ಎಂಬ ಇನ್ನೊಂದು ರೋಲ್‌ಪ್ಲೇಯಿಂಗ್ ಆಟದ, 2019ರಲ್ಲಿ ಬಂದ ಎರಡನೇ ಆವೃತ್ತಿಯಲ್ಲಿ ಈ ದಾಳವನ್ನು ಗೇಮ್ ಮಾಸ್ಟರ್ ಗುಟ್ಟಾಗಿ ಉರುಳಿಸುತ್ತಾರೆ, ಫಲಿತಾಂಶ ತೀರಾ ಕೆಟ್ಟದಾಗಿದ್ದರೆ ಸುಳ್ಳು ಮಾಹಿತಿಯನ್ನೇ ಕೊಡುತ್ತಾರೆ. ಸುಳ್ಳು ಕೇಳಿ ಮೋಸಹೋದ ಆಟಗಾರ ಮುಂದೆ ಪ್ರಶ್ನೆ ಕೇಳುವುದನ್ನೇ ಬಿಟ್ಟಾನು ಎಂಬ ಕಾರಣಕ್ಕೆ ಆ ನಿಯಮವನ್ನು ಹೊಸಬರ ತಂಡದಲ್ಲಿ ಬಳಸದಿರುವುದೇ ಮೇಲೆಂದು ನನಗನ್ನಿಸುತ್ತದೆ. ದಾಳ ಚೆನ್ನಾಗಿ ಬಿದ್ದರೆ ಬೆಂಕಿಯ ವಿಷಯ ನೇರವಾಗಿ ಹೇಳಿ. ಕೆಟ್ಟದಾಗಿ ಬಿದ್ದರೂ, ಈ ಕಾಡಿನ ಸೌದೆಯವರು ಹಗಲಿನಲ್ಲೂ ಪಂಜು ಹೊತ್ತಿಸಿಕೊಂಡೇ ಓಡಾಡುತ್ತಾರೆ ಎಂಬಷ್ಟಾದರೂ ನೆನಪು ಪಾತ್ರಕ್ಕೆ ಬರಲಿ. ದಾಳವೇ ಬೇಡ, ಏನನ್ನು ಹುಡುಕುತ್ತಿದ್ದೇನೆಂದು ಆಟಗಾರ ಸರಿಯಾಗಿ ಹೇಳಿದರೆ ಸಾಕು ಎನ್ನುವ ತಂಡಗಳೂ ಇವೆ, ಅದರಲ್ಲಿ ತಪ್ಪೇನಿಲ್ಲ.

5. ಪ್ರತಿ ಏಟಿಗೂ ಉತ್ತರ ಕೊಡಿ

ಕಾದಾಟ ಶುರುವಾದ ಮೇಲೆ ಸುಳಿವುಗಳು ತಡವಾಗಬಾರದು. ಟ್ರೋಲ್ ಚೇತರಿಸಿಕೊಂಡಾಗ ಮೌನವಾಗಿ ಹಾಳೆಯಲ್ಲಿ 10 ಕೂಡಿಸಿಕೊಳ್ಳುವ ಬದಲು, ಭುಜದ ಮೇಲಿನ ಸೀಳು ನಿಮ್ಮ ಕಣ್ಣೆದುರೇ ಕೂಡಿಕೊಂಡಿತು ಎಂದು ಹೇಳಿ. ಯಾರಾದರೂ ಪಂಜಿನಿಂದ ತಿವಿದರೆ, ಆ ಜಾಗದ ಗಾಯ ಮಾತ್ರ ಕಪ್ಪಾಗಿ ಹಾಗೆಯೇ ಉಳಿಯಿತು ಎನ್ನಿ. ಹಿಟ್ ಪಾಯಿಂಟ್ ಸೊನ್ನೆಗಿಳಿದರೂ ಚೇತರಿಕೆ ನಿಲ್ಲದ ಹೊರತು ಟ್ರೋಲ್ ಸಾಯುವುದಿಲ್ಲವಾದ್ದರಿಂದ, ಬಿದ್ದ ಮೈಯ ಬೆರಳುಗಳು ಇನ್ನೂ ಆಡುತ್ತಿವೆ ಎಂಬುದನ್ನು ಆಟಗಾರರು ಅದರ ಗಂಟುಮೂಟೆ ತಡಕುವ ಮೊದಲೇ ಹೇಳಲೇಬೇಕು.

ಅಂಕಿಗಳ ವಿಷಯ ಇಷ್ಟು ನಾಜೂಕಿನದಲ್ಲ. 17 ತಾಗಿತು, 14 ತಪ್ಪಿತು ಎಂದು ಎರಡು ಸುತ್ತು ಕೇಳಿದವರು ಆರ್ಮರ್ ಕ್ಲಾಸನ್ನು ತಾವೇ ಊಹಿಸಿಬಿಡುತ್ತಾರೆ. ಅಲ್ಲಿಂದ ಮುಂದೆ ಅದನ್ನು ತೆರೆದು ಹೇಳಿದರೆ ಸಮಯ ಉಳಿಯುತ್ತದೆ. ಉಳಿದ ಹಿಟ್ ಪಾಯಿಂಟ್‌ಗಳನ್ನು ಸಂಖ್ಯೆಯಲ್ಲಿ ಹೇಳಬೇಕಿಲ್ಲ, ಆದರೆ ಅರ್ಧಕ್ಕಿಳಿದಾಗ ತಿಳಿಸುವುದು ಒಳ್ಳೆಯದು. ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ 2008ರ ನಾಲ್ಕನೇ ಆವೃತ್ತಿ ಈ ಅರ್ಧದ ಹಂತಕ್ಕೆ ‘ಬ್ಲಡೀಡ್’ ಎಂದು ಹೆಸರಿಟ್ಟು ನಿಯಮವನ್ನೇ ಮಾಡಿತ್ತು. ನಿಲ್ಲಬೇಕೋ ಓಡಬೇಕೋ ಎಂದು ಆಟಗಾರರು ತೀರ್ಮಾನಿಸುವುದು ಸಾಮಾನ್ಯವಾಗಿ ಆ ಘಟ್ಟದಲ್ಲಿಯೇ.

6. ಪುಸ್ತಕ ಓದಿದವರನ್ನು ಗದರಬೇಡಿ

ಬೆಂಕಿಯ ವಿಷಯ ಗೊತ್ತಿದ್ದೂ ಗೊತ್ತಿಲ್ಲದವನಂತೆ ನಟಿಸುತ್ತ ನಾಲ್ಕು ಸುತ್ತು ಕತ್ತಿ ಬೀಸುವುದು ಯಾವ ಆಟಗಾರನಿಗೂ ಖುಷಿ ಕೊಡುವುದಿಲ್ಲ. ಹಳಬರ ತಂಡವಾದರೆ ಮಾನ್‌ಸ್ಟರ್ ಅನ್ನೇ ಬದಲಿಸಿ: ಬೆಂಕಿಯ ಬದಲು ಉಪ್ಪುನೀರಿಗೆ ಮಣಿಯುವ ಟ್ರೋಲ್ ಇರಬಹುದು, ಆದರೆ ಅದು ಸಮುದ್ರದ ದಂಡೆಯತ್ತ ಎಂದೂ ಸುಳಿಯುವುದಿಲ್ಲ ಎಂಬ ಸುಳಿವನ್ನೂ ಜೊತೆಗೇ ಇಡಿ. ಸುಳಿವಿಲ್ಲದ ಬದಲಾವಣೆ ಬರೀ ಬಲೆಯಾಗುತ್ತದೆ.

ನಮ್ಮ ಕಡೆಯ ಆಟಗಾರರಿಗೆ ಇದರ ತಿರುಗುಮುರುಗು ಸಮಸ್ಯೆಯೂ ಇದೆ. ಯಕ್ಷಗಾನದ ಬಣ್ಣದ ವೇಷಗಳನ್ನು ನೋಡಿ ಬೆಳೆದವರಿಗೆ ರಾಕ್ಷಸನೆಂದರೆ ಅಬ್ಬರಿಸಿ ಪ್ರವೇಶಿಸುವವನು; ಈ ಆಟದ ‘ರಾಕ್ಷಸ’ನಾದರೋ ಹುಲಿಯ ತಲೆ, ಹಿಂದುಮುಂದಾದ ಅಂಗೈಗಳನ್ನು ಹೊಂದಿ, ವೇಷ ಮರೆಸಿಕೊಂಡು ಜನರ ನಡುವೆ ಸದ್ದಿಲ್ಲದೆ ಬಾಳುವವನು, ಕೆಳಹಂತದ ಮಂತ್ರಗಳು ಅವನಿಗೆ ತಾಗುವುದೇ ಇಲ್ಲ. ಹೆಸರನ್ನು ಕೇಳಿ ಪುರಾಣದ ತಿಳಿವಳಿಕೆಯ ಮೇಲೆ ಯೋಜನೆ ಹೂಡುವ ತಂಡಕ್ಕೆ, ಅವನು ನಮಸ್ಕರಿಸಲು ಕೈಯೆತ್ತಿದಾಗ ಏನೋ ಸರಿಯಿಲ್ಲವೆನ್ನಿಸುವಂತೆ ವಿವರಿಸಿದರೆ ಸಾಕು.

7. ಕಾದಾಟ ಮುಗಿದ ಮೇಲೆ

ಟ್ರೋಲ್ ಸುಟ್ಟು ಬೂದಿಯಾಗಿದ್ದರೆ, ಆ ಜಾತಿಯ ಇನ್ನೊಂದು ಮುಂದೆ ಎದುರಾಗುವುದಿಲ್ಲವಾದರೆ, ಪುಸ್ತಕದ ಪುಟವನ್ನು ಆಟಗಾರರ ಮುಂದೆ ತೆರೆದಿಡಬಹುದು. ತಾವು ಏನನ್ನು ಗಮನಿಸಿದೆವು, ಏನನ್ನು ಬಿಟ್ಟೆವು ಎಂಬ ಚರ್ಚೆಯಲ್ಲಿ ಅವರಿಗೂ ಸ್ವಾರಸ್ಯವಿರುತ್ತದೆ, ನಿಮ್ಮ ಯಾವ ಸುಳಿವು ತಲುಪಲಿಲ್ಲವೆಂಬುದೂ ನಿಮಗೆ ತಿಳಿಯುತ್ತದೆ. ಅದು ತಪ್ಪಿಸಿಕೊಂಡಿದ್ದರೆ ಪುಟ ಮುಚ್ಚಿಯೇ ಇರಲಿ. ಪಾತ್ರಗಳು ಕಂಡುಕೊಂಡ ಸಂಗತಿಗಳನ್ನಷ್ಟೇ ಒಂದು ಚೀಟಿಯಲ್ಲಿ ಬರೆದು ತಂಡದ ಕೈಗೆ ಕೊಡಿ, ಅಂದು ಬಾರದಿದ್ದ ಆಟಗಾರರೂ ಮುಂದಿನ ಸಲ ಅದನ್ನು ಓದಿಕೊಂಡೇ ಕೂರಲಿ.